ನಡುವೆ ಬಿದ್ದ ತಿಂಗಳು

ಹಳೆ ಮನೆ ಬಿಟ್ಟುಕೊಡುತ್ತೇನೆಂದು ಅಪ್ಪ ಮಾತು ಕೊಟ್ಟ ದಿನಕ್ಕೂ, ಹೊಸ ಮನೆಗೆ ಬರುತ್ತೇವೆಂದು ಅಮ್ಮ ಮಾತು ಕೊಟ್ಟ ದಿನಕ್ಕೂ ನಡುವೆ ಇಡೀ ಒಂದು ತಿಂಗಳು ಬಿದ್ದುಹೋಗಿತ್ತು. ಇದು ನಮಗೆ ಗೊತ್ತಾದದ್ದು ಊಟಕ್ಕೆ ಕೂತು, ತಟ್ಟೆಗೆ ಬಡಿಸಿಯಾದ ಮೇಲೆ.

ಕಂಡುಹಿಡಿದವಳು ಅಕ್ಕ. ಅವಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು, ಯಾವ ಬಸ್ಸು ಎಷ್ಟೊತ್ತಿಗೆ ಎಂದು ದಿನವಿಡೀ ಮೈಕಿನಲ್ಲಿ ಕೂಗುವವಳು. ಮನೆಯಲ್ಲೂ ಅದೇ ದನಿ.

"ಅಪ್ಪಾ, ಬೇಕರಿಯವನು ಈ ಮನೆಗೆ ಒಂದನೇ ತಾರೀಕು ಬರ್ತಾನೆ ಅಂದೆ. ಹೌದಾ?"

"ಹೌದು."

"ಅಮ್ಮಾ, ಪೋಸ್ಟ್ ತಾತ ಆ ಮನೇನ ಮೂವತ್ತಕ್ಕೆ ಬಿಡ್ತಾರೆ ಅಂದೆ. ಹೌದಾ?"

"ಹೌದು ಕಣೇ."

"ಎರಡೂ ಒಂದೇ ತಿಂಗಳು. ನಡುವೆ ನಾವೆಲ್ಲಿ ಇರ್ತೀವಿ?"

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಆಲೂಗಡ್ಡೆ ಪಾತ್ರೆಯ ಮುಖ ನೋಡಿದಳು.

"ಒಂದನೇ ತಾರೀಕು ಅಂತ ಯಾಕ್ರೀ ಒಪ್ಪಿಕೊಂಡ್ರಿ?"

"ಅವನು ಕೇಳ್ದ. ನಾನು ಹೂಂ ಅಂದೆ."

"ಕೇಳಿದಾಗ ಏನು ಮಾಡ್ತಾ ಇದ್ರಿ?"

"ಶೇವಿಂಗು."

ಅಮ್ಮ ಸೌಟು ಕೆಳಗಿಟ್ಟಳು. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅಪ್ಪನದು ಕಟಿಂಗ್ ಅಂಗಡಿ. ಗಿರಾಕಿಯ ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಅವನ ಮಾತಿಗೆ ಎದುರಾಡಬಾರದು ಎನ್ನುವುದು ಆ ಕಸುಬಿನಲ್ಲಿ ಅಪ್ಪ ಕಲಿತ ಮೊದಲ ಪಾಠ. ಎದುರಾಡಿದರೆ ಗಿರಾಕಿ ತಲೆ ತಿರುಗಿಸುತ್ತಾನೆ, ತಿರುಗಿಸಿದರೆ ರಕ್ತ. ಆದ್ದರಿಂದ ಕಾಲ ಕೆಟ್ಟುಹೋಯಿತು ಎಂದವನಿಗೂ ಹೂಂ, ಕಾಲ ಸುಧಾರಿಸಿತು ಎಂದವನಿಗೂ ಹೂಂ. ಬೇಕರಿಯವನು ಕೆನ್ನೆಗೆ ಸೋಪು ಹಚ್ಚಿಸಿಕೊಂಡು, ಒಂದನೇ ತಾರೀಕು ಬರಲಾ ಅಣ್ಣಾ ಎಂದು ಕೇಳಿದ್ದಾನೆ. ಅದಕ್ಕೂ ಹೂಂ. ನಮ್ಮ ಮನೆ ಹೋದದ್ದು ಒಂದು ಹೂಂನಲ್ಲಿ.

"ನೀನೇನು ಕಮ್ಮೀನಾ? ಮೂವತ್ತರ ತನಕ ಆರಾಮಾಗಿರಿ ಅಂತ ಆ ತಾತನಿಗೆ ಹೇಳು ಅಂದೋರು ಯಾರು?" ಎಂದ ಅಪ್ಪ.

"ಅವರು ಹತ್ತನೇ ತಾರೀಕು ಅಂದ್ರು. ಮಗಳ ಮನೆ ಚಾವಣಿ ಆಗ್ಬೇಕಂತೆ, ಆಮೇಲೆ ಅಲ್ಲಿಗೆ ಹೋಗೋದಂತೆ. ಮೇಸ್ತ್ರಿಗಳ ಮಾತು ನಂಬೋಕಾಗುತ್ತಾ? ಸ್ವಲ್ಪ ಬಿಟ್ಟು ಹೇಳಿ ಅಂತ ನಾನೇ ಮೂವತ್ತು ಮಾಡ್ದೆ."

ಅಮ್ಮ ಟೈಲರ್. ಯಾರದೇ ಬಟ್ಟೆಯಾಗಲಿ, ಪಕ್ಕದಲ್ಲಿ ಒಳಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟೇ ಹೊಲಿಯುತ್ತಾಳೆ, ನಾಳೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು. ತಾರೀಕಿಗೂ ಹಾಗೆಯೇ ಒಳಗೆ ಬಟ್ಟೆ ಬಿಟ್ಟಿದ್ದಳು.

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು," ಎಂದಳು ಅಜ್ಜಿ.

"ಎತ್ತು ಯಾರಮ್ಮ?" ಎಂದ ಅಪ್ಪ.

"ಅದನ್ನ ನೀವಿಬ್ರೂ ಹಂಚಿಕೊಳ್ಳಿ. ಆ ಆಲೂಗಡ್ಡೆ ಇತ್ತ ಬರಲಿ."

ನಗು ಬರುವ ಮಾತೇ. ಆದರೆ ನನಗೆ ನಗು ಬರಲಿಲ್ಲ, ಏಕೆಂದರೆ ಈ ಮನೆ ಮಾರುತ್ತಿದ್ದದ್ದೇ ಅಜ್ಜಿಗಾಗಿ. ನಮ್ಮದು ಮೂರನೇ ಮಹಡಿ. ಲಿಫ್ಟ್ ಬರಬೇಕಾದ ಜಾಗದಲ್ಲಿ ಈ ಕಟ್ಟಡ ಕಟ್ಟಿ ಮನೆಗಳನ್ನು ಮಾರಿದ ಪುಣ್ಯಾತ್ಮ ಒಂದು ಜೆರಾಕ್ಸ್ ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದ. ಅವನು ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ಕಡಿಯುತ್ತದೆ. ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಎರಡು ವರ್ಷವಾಗಿತ್ತು. ಸಮನೆಲದ ಮೇಲೆ ಕೋಲು ಹಿಡಿದು ಎಷ್ಟು ಬೇಕಾದರೂ ನಡೆಯಲಿ, ಮೆಟ್ಟಿಲು ಮಾತ್ರ ಬೇಡ ಎಂದಿದ್ದರು ಡಾಕ್ಟರು. ಜೀವಮಾನವೆಲ್ಲ ಮಾರುಕಟ್ಟೆಯಲ್ಲಿ ತರಕಾರಿ ಮಾರಿ, ಆ ದುಡ್ಡಿನಲ್ಲೇ ಈ ಮನೆ ಮಾಡಿದವಳು, ಎರಡು ವರ್ಷದಿಂದ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, ಮೂರು ಮಹಡಿ ಕೆಳಗಿನ ಗಾಡಿಯವನ ಜೊತೆ ಕೂಗಿ ಕೂಗಿ ಚೌಕಾಸಿ ಮಾಡುತ್ತಿದ್ದಳು. ರಿಟೈರಾದ ಪೋಸ್ಟ್‌ಮ್ಯಾನ್ ಆದ ಪೋಸ್ಟ್ ತಾತನ ಮನೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಹೊಸ್ತಿಲು ದಾಟಿದರೆ ರಸ್ತೆ. ನಮ್ಮ ಕೈಗೆಟಕುವ ನೆಲಮಹಡಿಯ ಮನೆ ಆ ಕಡೆ ಅದೊಂದೇ. ನಾವು ಬಿಟ್ಟರೆ ಹಿಡಿದುಕೊಳ್ಳಲು ಪಕ್ಕದ ಟೈರ್ ಗೋದಾಮಿನವನು ಬಾಯಿ ತೆರೆದುಕೊಂಡು ಕೂತಿದ್ದ.

ಬೇಕರಿಯವನು ದುಡ್ಡು ಕೊಟ್ಟರೆ ನಾವು ತಾತನಿಗೆ ಕೊಡುವುದು. ತಾತ ಅದರಲ್ಲಿ ಮಗಳ ಮನೆಯ ಚಾವಣಿ ಮುಗಿಸಿಕೊಂಡು ಅಲ್ಲಿಗೆ ಹೋಗುವುದು. ಒಂದು ಕೊಂಡಿ ಕಳಚಿದರೆ ಎಲ್ಲವೂ ನೆಲಕ್ಕೆ.

"ಮನೆ ಕಟ್ಟಿ ನೋಡು ಅಂದೋರು ಮನೆ ಮಾರಿ ನೋಡು ಅಂತ ಯಾಕೆ ಹೇಳ್ಲಿಲ್ಲ?" ಎಂದ ಅಪ್ಪ, ತಟ್ಟೆಯಲ್ಲೇ ಕೈ ತೊಳೆಯುತ್ತ.

"ಅವರ ಮನೇಲಿ ನಿನ್ನಂಥೋನು ಇರ್ಲಿಲ್ಲ," ಎಂದಳು ಅಜ್ಜಿ.

ಮಾರನೇ ದಿನ ಗ್ರಿಲ್ ಅಂಗಡಿಗೆ ಅರ್ಧ ದಿನ ರಜೆ ಹಾಕಿದೆ. ನಾನು ಅಲ್ಲಿ ವೆಲ್ಡರ್. ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಬಂದಾಗಿನಿಂದ ಅಲ್ಲೇ ಇದ್ದೇನೆ. ನೇರ ಬೇಕರಿಗೆ ನಡೆದೆ. ಒಂದು ತಿಂಗಳು ತಡೆದುಕೋ, ಇಲ್ಲದಿದ್ದರೆ ಮನೆಯೂ ಇಲ್ಲ ಗಿನೆಯೂ ಇಲ್ಲ ಎಂದು ಹೇಳಿಬರುವುದು ಎಂದು ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋದೆ.

ಬೇಕರಿಯವನು ಹಿಟ್ಟಿನ ಕೈಯಲ್ಲೇ, "ಬನ್ನಿ ಬನ್ನಿ, ಮೇಲೆ ಬನ್ನಿ" ಎಂದು ಕರೆದುಕೊಂಡು ಹೋದ. ಅವರ ಸಂಸಾರ ಒಲೆಯ ನೆತ್ತಿಯ ಮೇಲಿನ ಕೋಣೆಯಲ್ಲಿ. ಬಾಗಿಲು ತೆರೆದ ಕೂಡಲೇ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಗೋಡೆ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಅವನ ಹೆಂಡತಿ ತುಂಬಿದ ಹೊಟ್ಟೆ ಹೊತ್ತುಕೊಂಡು, ಎರಡೂ ಕಾಲನ್ನು ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಳು.

"ಒಂದನೇ ತಾರೀಕು ಮಾಲೀಕರು ಈ ಕೋಣೆ ಒಡೆದು ಇನ್ನೊಂದು ಒಲೆ ಕಟ್ತಾರೆ. ಪಾಪು ಅದೇ ತಿಂಗಳ ಕೊನೇಗೆ," ಎಂದ ಅವನು.

"ನಿಮ್ಮನೇಲಿ ಗಾಳಿ ಬರುತ್ತಂತೆ, ನಿಜಾನಾ?" ಎಂದು ಕೇಳಿದಳು ಅವಳು.

"ಬರುತ್ತೆ," ಎಂದೆ. "ಕ್ಯಾಲೆಂಡರು ಹಾರಿ ಬೀಳುತ್ತೆ."

ಮಸೆದುಕೊಂಡು ಹೋಗಿದ್ದ ಮಾತೆಲ್ಲ ಮಸೆದ ಹಾಗೇ ವಾಪಸು ಬಂತು. ಕೈಯಲ್ಲಿ ಒಂದು ದೊಡ್ಡ ಬ್ರೆಡ್ಡು ಹಿಡಿದುಕೊಂಡು ಮನೆ ಹತ್ತಿದೆ.

"ಏನಂದ?" ಎಂದ ಅಪ್ಪ.

"ಬ್ರೆಡ್ ತಗೊಳ್ಳಿ ಅಂದ."

"ನೀನು?"

"ಹೂಂ ಅಂದೆ."

ಅಪ್ಪ ಅಷ್ಟು ಸಂತೋಷವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೈಯೆಲ್ಲ ಉರಿಯಿತು.

ಸಂಜೆ ಅಮ್ಮ ಪೋಸ್ಟ್ ತಾತನ ಮನೆಗೆ ಹೋದಳು, ಬೇಗ ಬಿಡಿ ಎಂದು ಖಡಾಖಂಡಿತವಾಗಿ ಹೇಳಿಬರಲು. ಬರುವಾಗ ಬಗಲಲ್ಲಿ ಒಂದು ಬಟ್ಟೆಯ ಗಂಟು.

"ಅದೇನಮ್ಮ?" ಎಂದಳು ಅಕ್ಕ.

"ಶರ್ಟ್ ಪೀಸು. ಮಗಳ ಮನೆಗೆ ಹೋಗೋವಾಗ ಹೊಸ ಶರ್ಟಲ್ಲಿ ಹೋಗ್ಬೇಕಂತೆ, ಪಾಪ."

"ಮನೆ ವಿಷಯ?"

"ಚಾವಣಿಗೆ ಕಂಬಿ ಕಟ್ತಾ ಇದ್ದಾರಂತೆ. ಮೇಲೆ ಆಕಾಶ, ಕೆಳಗೆ ಮುದುಕರನ್ನ ಮಲಗಿಸೋಕಾಗುತ್ತಾ? ನೀನೇ ಹೇಳು."

"ಹೇಳೋಕೆ ಹೋದೋಳು ನೀನು, ನಾನು ಏನು ಹೇಳ್ಲಿ?"

ಆ ವಾರವೆಲ್ಲ ಮನೆಯಲ್ಲಿ ಬ್ರೆಡ್ಡು ಮತ್ತು ಮೊಟ್ಟೆ, ಮೊಟ್ಟೆ ಮತ್ತು ಬ್ರೆಡ್ಡು. ಅಡುಗೆಗೆ ಯಾರಿಗೂ ಮನಸ್ಸಿರಲಿಲ್ಲ, ಜಗಳಕ್ಕೆ ಮಾತ್ರ ಎಲ್ಲರಿಗೂ ಪುರಸೊತ್ತಿತ್ತು. ತಿಂಗಳ ಮಟ್ಟಿಗೆ ಬಾಡಿಗೆ ಮನೆ ಕೇಳಲು ಹೋದರೆ ದಲ್ಲಾಳಿ ವರ್ಷದ ಕೆಳಗೆ ಮಾತೇ ಆಡಲಿಲ್ಲ. "ತಿಂಗಳಿಗೆ ಬೇಕಾದ್ರೆ ಲಾಡ್ಜಿಗೆ ಹೋಗಿ" ಎಂದ. ನಾನು ಅವನ ಸ್ಕೂಟರನ್ನು ಒದೆಯುವುದರೊಳಗೆ ಅಕ್ಕ ನನ್ನ ಅಂಗಿ ಹಿಡಿದು ಎಳೆದಳು. ಅಪ್ಪ ಕಟಿಂಗ್ ಅಂಗಡಿಯಲ್ಲೇ ಎಲ್ಲರೂ ಮಲಗಬಹುದು ಎಂದ.

"ಕೂದಲ ಮೇಲಾ?" ಎಂದಳು ಅಮ್ಮ.

"ಗುಡಿಸಿಬಿಟ್ಟು."

"ನಿಮ್ಮಮ್ಮನ್ನ ಎಲ್ಲಿ ಮಲಗಿಸ್ತೀರಿ, ಕನ್ನಡಿ ಕೆಳಗಾ?"

"ನನ್ನನ್ನ ಆ ತಿರುಗೋ ಕುರ್ಚಿ ಮೇಲೆ ಕೂರ್ಸಿ," ಎಂದಳು ಅಜ್ಜಿ. "ಜಗಳ ಯಾವ ಕಡೆ ನಡೀತಾ ಇದ್ಯೋ ಆ ಕಡೆ ತಿರುಗಿಸ್ತಾ ಇರಿ."

ಕೊನೆಗೆ ಅಪ್ಪ ಸೋತು, "ಬಿಟ್ಟುಬಿಡೋಣ. ಎರಡೂ ಕಡೆ ಕ್ಷಮಿಸಿ ಅಂತ ಹೇಳೋಣ. ಮುಂದಿನ ವರ್ಷ ನೋಡಿದ್ರಾಯ್ತು," ಎಂದ. ಅಜ್ಜಿ ಬ್ರೆಡ್ಡಿನ ಅಂಚು ಕಿತ್ತು ಬದಿಗಿಟ್ಟಳು.

"ಮುಂದಿನ ವರ್ಷ ನನಗೆ ಎಷ್ಟು ವಯಸ್ಸು?" ಎಂದಳು.

ಅಪ್ಪ ತಲೆ ತಗ್ಗಿಸಿದ.

"ಭಾನುವಾರ ಆ ಪೋಸ್ಟಣ್ಣನ್ನ ಊಟಕ್ಕೆ ಕರೀರಿ. ಬೇಕರಿ ಗಂಡ ಹೆಂಡ್ತೀನೂ ಕರೀರಿ. ಈ ಬ್ರೆಡ್ ಸಾಕು, ಅನ್ನ ಬೇಳೆಸಾರು ಮಾಡಿ."

ಭಾನುವಾರ ಎಲ್ಲರೂ ಬಂದರು. ಬೇಕರಿ ಹುಡುಗಿ ಒಂದೊಂದು ಮಹಡಿಗೂ ಕೂತು ಕೂತು ಹತ್ತಿದಳು. ಬಂದವಳೇ ಕಿಟಕಿ ಹತ್ತಿರ ನಿಂತು ಕಣ್ಣು ಮುಚ್ಚಿಕೊಂಡಳು. "ಗಾಳಿ ನಿಜವಾಗ್ಲೂ ಇದೆ" ಎಂದಳು ಗಂಡನಿಗೆ. ಪೋಸ್ಟ್ ತಾತ ದಮ್ಮು ಕಟ್ಟದೆ ಹತ್ತಿದರು. ಮೂವತ್ತು ವರ್ಷ ಊರಿನ ಮಹಡಿಗಳನ್ನೆಲ್ಲ ಹತ್ತಿಳಿದ ಕಾಲು. ಅನ್ನ, ಬೇಳೆಸಾರು, ಹುರಿದ ಬದನೆಕಾಯಿ ಬಡಿಸಿಕೊಂಡು ಎಂಟು ಜನ ಗೋಡೆಗೆ ಬೆನ್ನು ಕೊಟ್ಟು ಕೂತೆವು.

"ಮೂರು ಸಂಸಾರ, ಎರಡು ಮನೆ," ಎಂದಳು ಅಜ್ಜಿ. "ಬಸ್ಸಲ್ಲಿ ಇಬ್ಬರ ಸೀಟಿಗೆ ಮೂರು ಜನ ಕೂರಲ್ವಾ? ಸ್ವಲ್ಪ ಸರಿದ್ರೆ ಆಯ್ತು. ಪೋಸ್ಟಣ್ಣಾ, ನಿಮ್ಮನೇಲಿ ಎಷ್ಟು ಕೋಣೆ?"

"ಮೂರು. ಒಂದರಲ್ಲಿ ನಾನು, ಒಂದರಲ್ಲಿ ಪಾತ್ರೆ, ಒಂದರಲ್ಲಿ ಸೈಕಲ್ಲು."

"ಸೈಕಲ್ಲಿಗೆ ಕೋಣೆ ಯಾಕೆ?"

"ನನ್ನ ಹೆಂಡ್ತಿಗಿಂತ ಜಾಸ್ತಿ ವರ್ಷ ಜೊತೇಲಿದ್ದ ಗಾಡಿ ಅದು."

"ಎದುರು ಮಾತಾಡಿರಲ್ಲ, ಅದಕ್ಕೆ. ಅದನ್ನ ಹೊರಗೆ ನಿಲ್ಸಿ. ನಾನು, ನನ್ನ ಮಗ, ಮೊಮ್ಮಗಳು ನಿಮ್ಮಲ್ಲಿಗೆ ಬರ್ತೀವಿ. ಸೊಸೆ ಮತ್ತೆ ಈ ಸಿಡುಕ ಇಲ್ಲೇ ಇರ್ತಾರೆ. ಈ ಹುಡುಗಿಗೆ ದಿನ ತುಂಬ್ತಾ ಬಂದಿದೆ, ಜೊತೆಗೆ ಹೆಂಗಸು ಅಂತ ಒಬ್ರು ಬೇಕು."

ಸಿಡುಕ ಅಂದರೆ ನಾನು.

"ನಾನು ಅಲ್ಲಿ, ಇವಳು ಇಲ್ಲಾ?" ಎಂದ ಅಪ್ಪ.

"ತಿಂಗಳು ಬೇರೆ ಬೇರೆ ಇರಿ. ಇಬ್ರಿಗೂ ತಾರೀಕಿನ ಬೆಲೆ ಗೊತ್ತಾಗುತ್ತೆ."

"ಅಲ್ಲಮ್ಮ, ಅವರ ಮನೇಲಿ ಹೋಗಿ ಕೂತ್ರು ಅಂತ ಜನ ಏನಾದ್ರೂ ಅಂದ್ರೆ?"

"ಈ ವಯಸ್ಸಲ್ಲಿ ನನ್ನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರೆ ನಾನು ಅವರಿಗೆ ಕರೆದು ಚಹಾ ಕೊಡ್ತೀನಿ."

ತಾತ ನೀರು ಕುಡಿಯುತ್ತಿದ್ದವರು ಕೆಮ್ಮಿದರು. ಬೇಕರಿಯವನು ಹೆಂಡತಿಯ ಮುಖ ನೋಡಿದ. ಅವಳು ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದಳು. ಅಲ್ಲಿಗೆ ಒಪ್ಪಂದವಾಯಿತು.

ಉಳಿದದ್ದು ಒಂದೇ ತೊಡಕು. ಮನೆ ಇದ್ದದ್ದು ಅಜ್ಜಿಯ ಹೆಸರಿನಲ್ಲಿ. ನೋಂದಣಿ ಕಚೇರಿಯಲ್ಲಿ ಅವಳೇ ಕೂತು ರುಜು ಹಾಕಬೇಕು. ಒಂದನೇ ತಾರೀಕು ಮಧ್ಯಾಹ್ನ ಊಟದ ಬಿಡುವಿಗೆ ಮೊದಲೇ ಎರಡೂ ಮನೆಯ ಕೆಲಸ ಮುಗಿಯಬೇಕು, ಊಟದ ಹೊತ್ತಿನಿಂದಲೇ ಅಧಿಕಾರಿಗೆ ರಜೆ.

"ಬೆನ್ನ ಮೇಲೆ ಹೊತ್ಕೊಂಡು ಇಳಿಸ್ತೀನಿ," ಎಂದೆ.

"ನಾನೇನು ಸಿಮೆಂಟ್ ಮೂಟೆನಾ? ಕೂತ್ಕೊಂಡು ಇಳೀತೀನಿ. ಮರ್ಯಾದೆಯಾಗಿ."

ಸರಿ, ಒಂದು ಕುರ್ಚಿ ಮಾಡಿದೆ. ಕೈಗಳಿರುವ ಕಬ್ಬಿಣದ ಕುರ್ಚಿ, ಎರಡೂ ಪಕ್ಕಕ್ಕೆ ಉದ್ದಕ್ಕೆ ಬೆಸೆದ ಪೈಪು, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಡುವಂತೆ. ಒಳ್ಳೆಯ ದಪ್ಪ ಪೈಪು. ಅಜ್ಜಿಯ ಸೊಂಟದ ಅಳತೆ ತೆಗೆದಿದ್ದೆ, ತೂಕ ಕೇಳಿದ್ದೆ, ಅಮ್ಮನಿಂದ ದಿಂಬು ಹೊಲಿಸಿದ್ದೆ. ಅಂಗಡಿಯ ಯಜಮಾನರು ಬೆಸುಗೆ ತಟ್ಟಿ ನೋಡಿ, "ಇದರಲ್ಲಿ ಆನೆ ಕೂರಿಸಬಹುದು" ಎಂದರು. ಒಂದನೇ ತಾರೀಕು ಬೆಳಿಗ್ಗೆ ಅಪ್ಪ, ಅಮ್ಮ, ಅಕ್ಕ, ತಾತ ಮುಂಚೆಯೇ ಕಚೇರಿಗೆ ಹೋದರು. ನಾನು, ಯಜಮಾನರು, ಬೇಕರಿಯವನು, ಬ್ರೆಡ್ ವ್ಯಾನಿನ ಡ್ರೈವರು ಹೆಗಲು ಕೊಟ್ಟೆವು. ಅಜ್ಜಿ ಹೊಸ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಮೆಟ್ಟಿಲು ಚೆನ್ನಾಗಿಯೇ ಇಳಿದೆವು. ಎರಡನೇ ಮಹಡಿಯ ತಿರುವಿನಲ್ಲಿ ಪೈಪಿನ ಮುಂದಿನ ತುದಿ ಗೋಡೆಗೆ ಬಡಿಯಿತು.

ಎಡಕ್ಕೆ ತಿರುಗಿಸಿದೆವು. ಹಿಂದಿನ ತುದಿ ಮೆಟ್ಟಿಲ ಕಂಬಿಗೆ ಬಡಿಯಿತು. ಬಲಕ್ಕೆ. ಎತ್ತಿ. ಓರೆಮಾಡಿ. ಊಹೂಂ.

"ಏನಾಯ್ತು?" ಎಂದಳು ಅಜ್ಜಿ.

"ತಿರುಗ್ತಾ ಇಲ್ಲ," ಎಂದೆ.

"ಅಳತೆ ತೆಗೀಲಿಲ್ವಾ?"

"ನಿನ್ನದು ತೆಗೆದಿದ್ದೆ."

ಬೇಕರಿಯವನು ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದ. ಹಿಂದಕ್ಕೆ ಹತ್ತಿಸೋಣವೆಂದರೆ ಅಜ್ಜಿ ಕೋಲಿನಿಂದ ಗೋಡೆ ಕುಟ್ಟಿದಳು. "ಇಳಿದದ್ದು ಇಳಿದೆ. ಮೇಲಕ್ಕೆ ಮಾತ್ರ ಹೋಗಲ್ಲ. ಇಲ್ಲೇ ಸಾಯ್ತೀನಿ ಬೇಕಾದ್ರೆ."

ಕುರ್ಚಿಯನ್ನು ಅಲ್ಲೇ ಇಳಿಸಿ ನಾನು ಪೈಪು ಕೊಯ್ಯುವ ಮಷೀನು ತರಲು ಗ್ರಿಲ್ ಅಂಗಡಿಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಎರಡನೇ ಮಹಡಿಯ ಟ್ಯೂಷನ್ ಮೇಡಂ ಬಾಗಿಲು ತೆರೆದಿದ್ದಳು. ಆಕೆ ಬಂದು ವರ್ಷವಾಗಿತ್ತು. ಒಗೆದ ಬಟ್ಟೆಯ ನೀರು ಕೆಳಗೆ ತೊಟ್ಟಿಕ್ಕುತ್ತದೆಂದು ಆಕೆಗೂ ಅಜ್ಜಿಗೂ ಬಾಲ್ಕನಿಯಿಂದ ಬಾಲ್ಕನಿಗೆ ದಿನವೂ ಯುದ್ಧ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ನಿಮ್ಮ ದನಿ ಕೇಳಿ ನೀವು ಎರಡಾಳು ದಪ್ಪ ಇದ್ದೀರಿ ಅಂದ್ಕೊಂಡಿದ್ದೆ," ಎನ್ನುತ್ತಿದ್ದಳು ಮೇಡಂ.

"ನಿನ್ನ ದನಿ ಕೇಳಿ ನಾನು ನೀನು ನನಗಿಂತ ಮುದುಕಿ ಅಂದ್ಕೊಂಡಿದ್ದೆ," ಎಂದಳು ಅಜ್ಜಿ, ಆಕೆ ಕೊಟ್ಟ ಚಹಾ ಆರಿಸಿಕೊಳ್ಳುತ್ತ. "ಸಕ್ಕರೆ ಕಮ್ಮಿ ಹಾಕ್ತೀಯಲ್ಲ, ಅದಕ್ಕೇ ಅಷ್ಟು ಸಿಟ್ಟು."

ಅಕ್ಕನ ಫೋನು ಬಂತು. "ಎಲ್ಲಿದ್ದೀರಾ?"

"ಎರಡನೇ ಮಹಡಿ."

"ಯಾವ ಕಟ್ಟಡದ್ದು?"

"ನಮ್ಮದೇ."

ಅಕ್ಕ ದನಿ ತಗ್ಗಿಸಿ ಹೇಳಿದಳು: "ಗೋದಾಮಿನವನು ಬಂದು ತಾತನ ಪಕ್ಕದಲ್ಲೇ ಕೂತಿದ್ದಾನೆ. ನೀವು ಬರದಿದ್ರೆ ಕೆಲಸ ಅವನು ಮುಗಿಸ್ಕೊಂಡು ಹೋಗ್ತಾನಂತೆ. ಇನ್ನು ಅರ್ಧ ಗಂಟೇಲಿ ಊಟಕ್ಕೆ ಬಾಗಿಲು ಹಾಕ್ತಾರೆ."

ಮೇಡಂ ಮನೆಯಿಂದ ವೈರು ಎಳೆದು, ಕಿಡಿ ಹಾರದಂತೆ ಅಜ್ಜಿಯ ಮೇಲೆ ಬೆಡ್‌ಶೀಟು ಹೊದಿಸಿ, ಮಷೀನು ಹಚ್ಚಿದೆ. ಮೆಟ್ಟಿಲ ತುಂಬ ಕಿಡಿ. ನನ್ನ ಕೈಯಾರೆ ಬೆಸೆದ ಪೈಪು, ಅದೆಷ್ಟು ಗಟ್ಟಿ ಎಂದು ಆಗ ಗೊತ್ತಾಯಿತು. ಬೈದುಕೊಂಡೇ ಕೊಯ್ದೆ.

"ಮುಖ ಮುಚ್ಚಬೇಡ್ರೋ, ಸತ್ತಿಲ್ಲ ನಾನು," ಎಂದಳು ಅಜ್ಜಿ ಒಳಗಿನಿಂದ.

ಮೋಟು ಪೈಪು ಹಿಡಿದು, ತಿರುವು ದಾಟಿಸಿ, ಉಳಿದ ಮೆಟ್ಟಿಲನ್ನು ಹೇಗೆ ಇಳಿದೆವೋ ತಿಳಿಯದು. ಬಾಗಿಲಿನಿಂದ ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. "ಇಳಿಸಿ" ಎಂದಳು ಅಜ್ಜಿ. "ಹೊತ್ತಾಯ್ತು ಅಜ್ಜಿ," ಎಂದ ಬೇಕರಿಯವನು. "ಇಳಿಸೋ ಅಂದ್ರೆ." ಇಳಿಸಿದೆವು. ಚಪ್ಪಲಿ ಬಿಟ್ಟು, ಎರಡೂ ಪಾದ ರಸ್ತೆಯ ಮೇಲೆ ಊರಿ ನೋಡಿದಳು. "ಕಾದಿದೆ" ಎಂದಳು. ಮತ್ತೆ ಚಪ್ಪಲಿ ಹಾಕಿಕೊಂಡು, "ನಡೀರಿ, ಏನು ನೋಡ್ತಾ ನಿಂತಿದ್ದೀರಾ?" ಎಂದು ನಮ್ಮನ್ನೇ ಗದರಿದಳು. ವ್ಯಾನಿನಲ್ಲಿ ಬನ್ನಿನ ಟ್ರೇಗಳ ನಡುವೆ ಕುರ್ಚಿ ಇಟ್ಟೆವು. ಕಚೇರಿ ತಲುಪುವ ತನಕ ಅವಳು ಹಿಂಬಾಗಿಲು ಮುಚ್ಚಲು ಬಿಡಲಿಲ್ಲ.

ಗುಮಾಸ್ತ ಊಟದ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ಅಕ್ಕ ಅವನ ಮುಂದೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

"ಅಜ್ಜಿ, ಮನೆ ಮಾರೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ? ಯಾರೂ ಬಲವಂತ ಮಾಡಿಲ್ಲ ತಾನೆ?" ಎಂದು ಕೇಳಿದ.

"ನೋಡಪ್ಪ, ಇಷ್ಟು ಜನಾನ ಬಲವಂತ ಮಾಡಿ ಕರ್ಕೊಂಡು ಬಂದಿರೋದು ನಾನು," ಎಂದಳು ಅಜ್ಜಿ. ರುಜು ಹಾಕಿದಳು. ಬೇಕರಿಯವನು ಹಾಕಿದ. ತಾತ ಹಾಕಿದರು. ಟೈರ್ ಗೋದಾಮಿನವನು ಎದ್ದು ಹೋದ ರೀತಿ ನೋಡಿ ನನಗೆ ಆ ವರ್ಷದ ಸಿಟ್ಟೆಲ್ಲ ಇಳಿಯಿತು. ಒಂದು ಗಂಟೆಯ ಮಟ್ಟಿಗೆ.

ಆ ತಿಂಗಳು ಕಳೆದ ಬಗೆ ಹೇಳಿದರೆ ಯಾರೂ ನಂಬುವುದಿಲ್ಲ. ಮೇಲಿನ ಮನೆಯಲ್ಲಿ ಬೇಕರಿಯವನು ಬೆಳಕು ಹರಿಯುವ ಮುಂಚೆ ಎದ್ದು ಹೋಗುತ್ತಿದ್ದ, ಅವನ ಹಿಟ್ಟಿನ ಹೆಜ್ಜೆ ಅಮ್ಮ ಒರೆಸುತ್ತಿದ್ದಳು. ಅಮ್ಮನ ದಾರದ ಚೂರು ಅವನ ಬನ್ನಿನಲ್ಲಿ ಸಿಕ್ಕಿತೆಂದು ಗಿರಾಕಿಯೊಬ್ಬ ಬೇಕರಿಗೆ ಬಂದು ರೇಗಾಡಿದ. ಬೇಕರಿ ಹುಡುಗಿ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ, ಅಲ್ಲೇ ಕೂತು ಅಮ್ಮನಿಂದ ಗುಂಡಿಗೆ ಕಾಜ ಹಾಕುವುದನ್ನು ಕಲಿತಳು. ನಾನು ಅಡುಗೆಮನೆಯಲ್ಲಿ ಮಲಗುತ್ತಿದ್ದೆ. ಮಾರುಕಟ್ಟೆ ಹಿಂದಿನ ಮನೆಯಲ್ಲಿ ಅಜ್ಜಿಗೂ ತಾತನಿಗೂ ಚಹಾದ ಮೇಲೆ ಜಗಳ, ದಿನಪತ್ರಿಕೆ ಮೊದಲು ಯಾರಿಗೆ ಎಂದು ಜಗಳ, ಸೈಕಲ್ಲು ನೆನೆಯುತ್ತದೆ ಒಳಗಿಡಿ ಎಂದು ಅಜ್ಜಿಯದೇ ಜಗಳ. ಅಪ್ಪ ಇಬ್ಬರ ಮಾತಿಗೂ ಹೂಂ ಎನ್ನುತ್ತಿದ್ದ. ಸಂಜೆಯಾದರೆ ಅಂಗಡಿ ಮುಚ್ಚಿ, ತಲೆ ಬಾಚಿಕೊಂಡು, ಅಮ್ಮನನ್ನು ನೋಡಲು ಮೂರು ಮಹಡಿ ಹತ್ತಿ ಬರುತ್ತಿದ್ದ.

"ಏನ್ರೀ, ಹೊಸ ಹುಡುಗನ ಹಾಗೆ," ಎನ್ನುತ್ತಿದ್ದಳು ಅಮ್ಮ.

"ಚಹಾ ಕುಡಿದು ಹೋಗ್ತೀನಿ," ಎನ್ನುತ್ತಿದ್ದ. ಊಟ ಮಾಡಿ ಹೋಗುತ್ತಿದ್ದ.

ಇಪ್ಪತ್ತಾರಕ್ಕೆ ಹೆಣ್ಣು ಮಗು ಹುಟ್ಟಿತು, ಮಟಮಟ ಮಧ್ಯಾಹ್ನ. ಬ್ರೆಡ್ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದದ್ದು. ಅಮ್ಮ ಮೊದಲೇ ನಾಲ್ಕು ಅಂಗಿ ಹೊಲಿದಿಟ್ಟಿದ್ದಳು. ನಾಲ್ಕೂ ಎಷ್ಟು ದೊಡ್ಡವೆಂದರೆ ಮಗು ಶಾಲೆಗೆ ಹೋಗುವಾಗ ಹಾಕಬಹುದು. ಮೂವತ್ತಕ್ಕೆ ತಾತನ ಮಗಳು ಬಂದಳು. ತಾತ ಹೊಸ ಶರ್ಟು ತೊಟ್ಟು, ಅಪ್ಪನಿಂದ ಶೇವಿಂಗ್ ಮಾಡಿಸಿಕೊಂಡು, ಸಾಮಾನಿನ ಗಾಡಿಯಲ್ಲಿ ಸೈಕಲ್ಲಿನ ಪಕ್ಕ ಕೂತರು.

"ಆ ಕಡೆ ಬಂದ್ರೆ ಮನೆಗೆ ಬನ್ನಿ," ಎಂದರು ಅಜ್ಜಿಗೆ.

"ಚಹಾ ಸರಿಯಾಗಿ ಮಾಡೋದು ಕಲೀರಿ, ಬರ್ತೀನಿ," ಎಂದಳು ಅಜ್ಜಿ. ಗಾಡಿ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದಳು.

ಮಾರನೇ ದಿನ ನಾವು ಐದೂ ಜನ ಹೊಸ ಮನೆಯಲ್ಲಿ ಮೊದಲ ಸಲ ಒಟ್ಟಿಗೆ ಊಟಕ್ಕೆ ಸೇರಬೇಕಿತ್ತು. ಅಮ್ಮ ಬೆಳಿಗ್ಗೆಯಿಂದ ಒಲ್ಲದ ಒಲೆಯ ಜೊತೆ ಗುದ್ದಾಡಿ ಅನ್ನ, ಮೀನು, ಹುರಿದ ಬೆಂಡೆಕಾಯಿ ಮಾಡಿದ್ದಳು. ಅಕ್ಕ ರಜೆ ಹಾಕಿದ್ದಳು, ಅಪ್ಪ ಅಂಗಡಿ ಮುಚ್ಚಿ ಬಂದ. ತಟ್ಟೆ ಇಟ್ಟಾಯಿತು. ನೋಡಿದರೆ ಅಜ್ಜಿ ಇಲ್ಲ.

ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಕೋಲು ಇಲ್ಲ, ಚಪ್ಪಲಿ ಇಲ್ಲ.

"ನೀನು ನೋಡ್ಲಿಲ್ವಾ?" ಎಂದ ಅಪ್ಪ ಅಮ್ಮನಿಗೆ.

"ನಾನು ಮೀನು ನೋಡ್ಲಾ, ಅತ್ತೆಯನ್ನ ನೋಡ್ಲಾ? ನಿಮಗೆ ಹೇಳಿ ಹೋಗ್ಲಿಲ್ವಾ?"

"ಅಂಗಡಿಗೆ ಬಂದು ಏನೋ ಅಂದ್ಲು. ಗಿರಾಕಿ ಇದ್ದ."

"ನೀವು ಹೂಂ ಅಂದ್ರಿ."

ನಾನು ಮಾರುಕಟ್ಟೆಯ ಎರಡೂ ಬದಿ ಹುಡುಕಿದೆ. ಅಕ್ಕ ಬಸ್ ನಿಲ್ದಾಣಕ್ಕೆ ಫೋನು ಮಾಡಿದಳು. ಅಪ್ಪ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದ. ಗೋದಾಮಿನವನನ್ನೂ ಕೇಳಿದ. ಯಾರೋ ಬೆಳಿಗ್ಗೆ ಕೆರೆಯ ಕಡೆ ಒಬ್ಬ ಮುದುಕಿ ಹೋಗುತ್ತಿದ್ದಳು ಎಂದರು, ಇನ್ಯಾರೋ ಸಿನೆಮಾ ಥಿಯೇಟರಿನ ಹತ್ತಿರ ಎಂದರು. ಮೀನು ತಣ್ಣಗಾಯಿತು. ಬೀದಿಯ ನೆರಳು ಆಚೆ ಬದಿಗೆ ಹೋಯಿತು. ಎರಡು ವರ್ಷ ಅವಳು ಎಲ್ಲಿದ್ದಾಳೆಂದು ನಾವು ಒಂದು ಸಲವೂ ಕೇಳಬೇಕಾಗಿ ಬಂದಿರಲಿಲ್ಲ.

ಅಜ್ಜಿ ಬಂದಳು. ಅವಸರವಿಲ್ಲದೆ, ಕೋಲು ಊರಿಕೊಂಡು, ಸೀರೆಯ ಅಂಚಿಗೆಲ್ಲ ಧೂಳು ಹಿಡಿಸಿಕೊಂಡು. ಮುಖ ಬಿಸಿಲಿಗೆ ಕೆಂಪಗಾಗಿತ್ತು. ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದನ್ನು ಕಂಡು, "ಏನಾಯ್ತು? ಯಾರಿಗೇನಾಯ್ತು?" ಎಂದಳು.

"ಎಲ್ಲಿಗೆ ಹೋಗಿದ್ದೆ?" ಅಪ್ಪನ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೊರಗೆ."

"ಹೊರಗೆ ಅಂದ್ರೆ ಎಲ್ಲಿ?"

"ಹೊರಗೆ ಅಂದ್ರೆ ಹೊರಗೆ ಕಣೋ." ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಕೈಕಾಲು ತೊಳೆದು, ತಟ್ಟೆ ಎಳೆದುಕೊಂಡು ಕೂತಳು. ಮೀನು ಮುಟ್ಟಿ ನೋಡಿದಳು. "ತಣ್ಣಗಾಗಿದೆಯಲ್ಲೇ."

"ನಿಮಗೋಸ್ಕರ ಕಾಯ್ತಾ ಇದ್ವಿ ಅತ್ತೆ," ಎಂದಳು ಅಮ್ಮ. ಅಮ್ಮನ ಕಣ್ಣಲ್ಲಿ ನೀರಿತ್ತು.

ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು:

"ನಾಳೆಯಿಂದ ಕಾಯ್ಬೇಡಿ. ನೀವು ಉಂಡುಬಿಡಿ. ನಾನು ಬರೋದು ತಡ ಆಗುತ್ತೆ."